ಯಾರಿಗಾಗಿ ಹಾರಿಸಿದ ಧ್ವಜ?

2022ರ ಆಗಸ್ಟ್‌ನಲ್ಲಿ, ಸ್ವಾತಂತ್ರ್ಯಕ್ಕೆ ಎಪ್ಪತ್ತೈದು ವರ್ಷ ತುಂಬಿದಾಗ, 13ರಿಂದ 15ರವರೆಗೆ ಮನೆಮನೆಯಲ್ಲೂ ತ್ರಿವರ್ಣ ಧ್ವಜ ಹಾರಿಸಬೇಕೆಂಬ ಕರೆ ಬಂತು. ನಮ್ಮ ಬೀದಿಯಲ್ಲೂ ಹಾರಿತು. ನಾವೂ ಅಂಗಡಿಯಿಂದ ಒಂದು ಪಾಲಿಯೆಸ್ಟರ್ ಧ್ವಜ ತಂದು, ಕೋಲಿಗೆ ಸಿಕ್ಕಿಸಿ, ಮಾಳಿಗೆಯ ಕಂಬಿಗೆ ಕಟ್ಟಿದೆವು. ಕೆಳಗಿಳಿದು ರಸ್ತೆಯಲ್ಲಿ ನಿಂತು ನೋಡಿದಾಗ ಮನಸ್ಸು ತುಂಬಿ ಬಂದದ್ದು ಸುಳ್ಳಲ್ಲ. ಆದರೆ ಮರುಕ್ಷಣವೇ, ಎದುರು ಮನೆಯವರಿಗೆ ಇದು ಕಾಣಿಸುತ್ತದೆಯೋ ಇಲ್ಲವೋ ಎಂದು ಹೊರಳಿ ನೋಡಿದ್ದೂ ಸುಳ್ಳಲ್ಲ.

16ರಂದು ಯಾರೂ ಧ್ವಜ ಇಳಿಸಲಿಲ್ಲ. 20ರಂದೂ ಇಳಿಸಲಿಲ್ಲ. ಮೊದಲು ಇಳಿಸುವವರು ಯಾರು? ಏರಿಸುವಾಗ ಇದ್ದ ಪೈಪೋಟಿ ಇಳಿಸುವಾಗ ಹಿಂಜರಿಕೆಯಾಯಿತು. ಮಳೆ ಬಂತು, ಬಿಸಿಲು ಬಂತು, ಕೇಸರಿ ಬಿಳಿಚಿಕೊಂಡಿತು, ಅಂಚು ಎಳೆಎಳೆಯಾಗಿ ಬಿಟ್ಟುಕೊಂಡಿತು. ಹರಿದ ಅಥವಾ ಮಾಸಿದ ಧ್ವಜವನ್ನು ಪ್ರದರ್ಶಿಸಬಾರದೆಂದು ಧ್ವಜ ಸಂಹಿತೆ ಹೇಳುತ್ತದೆ. ದೇಶಭಕ್ತಿ ಕಡಿಮೆಯೆಂದು ಕಂಡೀತೆಂಬ ಭಯದಿಂದಲೇ ಒಂದಿಡೀ ಬೀದಿ ಎರಡು ವಾರ ಧ್ವಜಕ್ಕೆ ಅಗೌರವ ತೋರುತ್ತ ಕುಳಿತಿತ್ತು.

ನಿತ್ಯಜೀವನದ ಈ ದೇಶಭಕ್ತಿ ಪ್ರಾಮಾಣಿಕವೋ, ಬರೀ ತೋರಿಕೆಯೋ? ಈ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಇತರರ ಕುರಿತೇ ಕೇಳುತ್ತೇವೆ. ಕಾರಿನ ಮುಂದೆ ಪುಟ್ಟ ಧ್ವಜ ನೆಟ್ಟು ಸಿಗ್ನಲ್ ಮುರಿದು ಹೋಗುವವನನ್ನು ಕಂಡು ನಗುತ್ತೇವೆ. ವೇದಿಕೆಯ ಮೇಲೆ ದೇಶಕ್ಕಾಗಿ ಪ್ರಾಣ ಕೊಡುವ ಮಾತನಾಡಿ, ಕೆಳಗಿಳಿದು ತೆರಿಗೆ ತಪ್ಪಿಸುವವನನ್ನು ಕಂಡು ಸಿಟ್ಟಾಗುತ್ತೇವೆ. ಇವೆಲ್ಲ ಸುಲಭದ ಉದಾಹರಣೆಗಳು. ಅವುಗಳಿಂದ ಏನೂ ತೀರ್ಮಾನವಾಗುವುದಿಲ್ಲ.

ತೋರಿಸುವುದೆಲ್ಲ ಸುಳ್ಳಾಗಬೇಕಿಲ್ಲ. ಸಾವಿನ ಮನೆಗೆ ಹೋದಾಗ ನಮಗೆ ಅಷ್ಟೇನೂ ದುಃಖವಿರದಿದ್ದರೂ ದನಿ ತಗ್ಗಿಸಿ ಮಾತನಾಡುತ್ತೇವೆ. ಅದನ್ನು ಯಾರೂ ಕಪಟ ಎನ್ನುವುದಿಲ್ಲ, ಮರ್ಯಾದೆ ಎನ್ನುತ್ತಾರೆ. ಶಾಲೆಯಲ್ಲಿ ಆಗಸ್ಟ್ ಹದಿನೈದರಂದು ಬೆಳಗಿನ ಚಳಿಯಲ್ಲಿ ಸಾಲಾಗಿ ನಿಂತಾಗ ನಮ್ಮ ಕಣ್ಣು ಧ್ವಜದ ಮೇಲಿತ್ತೋ ಲಾಡಿನ ಬುಟ್ಟಿಯ ಮೇಲಿತ್ತೋ ಎಂದು ಕೇಳಿದರೆ ಪ್ರಾಮಾಣಿಕ ಉತ್ತರ ಎಲ್ಲರಿಗೂ ಗೊತ್ತು. ಆದರೂ ಇಂದು ಎಲ್ಲೋ ದೂರದಲ್ಲಿ ರಾಷ್ಟ್ರಗೀತೆ ಕೇಳಿಸಿದರೆ ಕಾಲು ತಾನಾಗಿ ನಿಲ್ಲುತ್ತದೆ. ಆ ಲಾಡಿನಿಂದಲೇ ಶುರುವಾದದ್ದು ಇಲ್ಲಿಗೆ ಬಂದು ಮುಟ್ಟಿದೆ. ಅಭ್ಯಾಸವು ಭಾವನೆಯನ್ನು ಕೊಲ್ಲುವುದೂ ಉಂಟು, ಬೆಳೆಸುವುದೂ ಉಂಟು.

ಹಾಗಾದರೆ ಕೆಡುವುದು ಎಲ್ಲಿ? ನಮಗೆ ತೋರುವಂತೆ, ತೋರಿಸುವವನಲ್ಲಿ ಅಲ್ಲ, ತೋರಿಸೆಂದು ಕೇಳುವವನಲ್ಲಿ.

ಚಿತ್ರಮಂದಿರದ ಕಥೆಯನ್ನೇ ನೋಡೋಣ. 1962ರ ಚೀನಾ ಯುದ್ಧದ ನಂತರ ಸಿನಿಮಾ ಮುಗಿದ ಮೇಲೆ ರಾಷ್ಟ್ರಗೀತೆ ಹಾಕುವ ರೂಢಿ ಬಂತು. ಬಸ್ಸು ಹಿಡಿಯುವ ಆತುರದಲ್ಲಿ ಜನ ಬಾಗಿಲಿಗೆ ನುಗ್ಗುತ್ತಿದ್ದರು. ಕಾಲಕ್ರಮದಲ್ಲಿ ಆ ರೂಢಿ ನಿಂತುಹೋಯಿತು. 2016ರ ನವೆಂಬರ್ 30ರಂದು ಸುಪ್ರೀಂ ಕೋರ್ಟು ಮಧ್ಯಂತರ ಆದೇಶ ಹೊರಡಿಸಿ, ಚಿತ್ರ ಆರಂಭವಾಗುವ ಮೊದಲು ರಾಷ್ಟ್ರಗೀತೆ ನುಡಿಸುವುದನ್ನೂ ಪ್ರೇಕ್ಷಕರು ಎದ್ದು ನಿಲ್ಲುವುದನ್ನೂ ಕಡ್ಡಾಯ ಮಾಡಿತು. ಆ ಹೊತ್ತಿನಲ್ಲಿ ಬಾಗಿಲು ಮುಚ್ಚಿರಬೇಕೆಂದೂ ಹೇಳಿತು. 2018ರ ಜನವರಿ 9ರಂದು ಅದೇ ನ್ಯಾಯಾಲಯ ಆದೇಶವನ್ನು ಮಾರ್ಪಡಿಸಿ, ನುಡಿಸುವುದು ಐಚ್ಛಿಕ ಎಂದಿತು.

ಈ ನಡುವಿನ ಒಂದು ವರ್ಷ ಚಿಲ್ಲರೆ ತಿಂಗಳುಗಳಲ್ಲಿ ನಾವು ಚಿತ್ರಮಂದಿರದಲ್ಲಿ ಕಂಡದ್ದು ವಿಚಿತ್ರ. ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಮೊದಲೆಲ್ಲ ರಾಷ್ಟ್ರಗೀತೆಗೆ ಎದ್ದು ನಿಂತವನ ಎದೆಯಲ್ಲಿ ಏನೋ ಇದೆ ಎಂದು ಊಹಿಸಬಹುದಿತ್ತು. ಈಗ ನಿಂತವರಲ್ಲಿ ಯಾರು ಪ್ರೀತಿಯಿಂದ ನಿಂತರು, ಯಾರು ಪಕ್ಕದವನ ಭಯಕ್ಕೆ ನಿಂತರು ಎಂದು ತಿಳಿಯುವ ದಾರಿಯೇ ಇರಲಿಲ್ಲ. ಪ್ರೀತಿಯಿಂದ ನಿಂತವನಿಗೆ ಅದರಿಂದ ಅನ್ಯಾಯವಾಯಿತು. ಐವತ್ತೆರಡು ಸೆಕೆಂಡು ಗೀತೆ ಕೇಳುವ ಬದಲು ಹಲವರ ಕಣ್ಣು ಕುಳಿತವರನ್ನು ಹುಡುಕುತ್ತಿತ್ತು. ಆದೇಶಕ್ಕೂ ಮೊದಲೇ, ಅದೇ 2016ರಲ್ಲಿ, ಪಣಜಿಯ ಚಿತ್ರಮಂದಿರವೊಂದರಲ್ಲಿ ರಾಷ್ಟ್ರಗೀತೆಗೆ ಎದ್ದು ನಿಲ್ಲಲಿಲ್ಲವೆಂದು ಒಬ್ಬ ಬರಹಗಾರರಿಗೆ ಹಿಂದಿನಿಂದ ಹೊಡೆದರು. ಅವರು ಗಾಲಿಕುರ್ಚಿ ಬಳಸುವವರು; ಎದ್ದು ನಿಲ್ಲುವುದು ಅವರಿಂದ ಸಾಧ್ಯವೇ ಇರಲಿಲ್ಲ. ಹೊಡೆದವರು ಆ ಕ್ಷಣ ಗೀತೆಗೆ ಗೌರವ ತೋರಿದರೋ, ಗೀತೆಯನ್ನು ಅರ್ಧಕ್ಕೇ ಬಿಟ್ಟರೋ?

ಇದಕ್ಕೆ ತಿರುವುಮುರುವಾದ ಪ್ರಕರಣ 1985ರದು. ಕೇರಳದ ಶಾಲೆಯೊಂದರಲ್ಲಿ ಒಂದೇ ಮನೆಯ ಮೂವರು ಮಕ್ಕಳು ರಾಷ್ಟ್ರಗೀತೆ ಹಾಡುತ್ತಿರಲಿಲ್ಲ. ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಅವರಿಗೆ ದೇವರ ಪ್ರಾರ್ಥನೆಯ ಹೊರತು ಬೇರೆ ಸ್ತುತಿ ಹಾಡುವುದು ನಿಷಿದ್ಧ. ಆದರೆ ಇತರರು ಹಾಡುವಾಗ ಅವರು ದಿನವೂ ಎದ್ದು ಮೌನವಾಗಿ ನಿಲ್ಲುತ್ತಿದ್ದರು. ಶಾಲೆಯಿಂದ ಅವರನ್ನು ಹೊರಹಾಕಲಾಯಿತು. 1986ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಅವರನ್ನು ಮರಳಿ ಸೇರಿಸಿಕೊಳ್ಳಲು ಹೇಳಿತು. ಗೌರವದಿಂದ ಎದ್ದು ನಿಂತವನು ಹಾಡಲಿಲ್ಲವೆಂದ ಮಾತ್ರಕ್ಕೆ ಅಗೌರವ ತೋರಿದಂತಾಗುವುದಿಲ್ಲ ಎಂದಿತು. ತೀರ್ಪು ಬರೆದವರು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ. ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಮೂರನೆಯ ಆಯೋಗದ ಅಧ್ಯಕ್ಷರಾಗಿ 1990ರಲ್ಲಿ ವರದಿ ಕೊಟ್ಟವರೂ ಇವರೇ. ಆ ಮಕ್ಕಳಿಗೆ ಒಂದು ಉಪಾಯ ಕಷ್ಟವಿರಲಿಲ್ಲ: ಸುಮ್ಮನೆ ತುಟಿ ಅಲುಗಾಡಿಸಿದ್ದರೆ ಸಾಕಿತ್ತು. ಗದ್ದಲದಲ್ಲಿ ಯಾರಿಗೆ ಗೊತ್ತಾಗುತ್ತಿತ್ತು? ನಮ್ಮಲ್ಲಿ ಎರಡನೆಯ ಸಾಲು ಸರಿಯಾಗಿ ಬಾರದವರು ಎಷ್ಟು ಮಂದಿ ಹಾಗೆ ಮಾಡಿಲ್ಲ! ಅವರು ಹಾಗೆ ಮಾಡಲಿಲ್ಲ.

ಇಲ್ಲಿ ನಮ್ಮ ಮನೆಯ ಮಾತನ್ನೂ ಆಡಲೇಬೇಕು. ಕೆಲವರ ಧ್ವಜಕ್ಕೆ ಉಳಿದವರ ಧ್ವಜಕ್ಕಿಂತ ಭಾರ ಹೆಚ್ಚು. ಭಾರತ–ಪಾಕಿಸ್ತಾನ ಕ್ರಿಕೆಟ್ ಇದ್ದ ದಿನ ಕಚೇರಿಯಲ್ಲಿ ಯಾರೋ ಒಬ್ಬರು ನಗುನಗುತ್ತಲೇ ನಮ್ಮನ್ನು ಕೇಳುತ್ತಾರೆ, "ಏನ್ ಸಾಹೇಬ್ರೇ, ಯಾರು ಗೆಲ್ಲಬೇಕು?" ಅದೇ ಪ್ರಶ್ನೆಯನ್ನು ಪಕ್ಕದ ಮೇಜಿನವರಿಗೆ ಕೇಳುವುದಿಲ್ಲ. ಕೇಳಿದವರು ಕೆಟ್ಟವರೂ ಅಲ್ಲ, ಮಧ್ಯಾಹ್ನ ಡಬ್ಬಿ ಹಂಚಿಕೊಂಡು ಉಣ್ಣುವವರು. ಆದರೆ ಅಂದು ಭಾರತ ಗೆದ್ದಾಗ ನಾವು ಕೂಗಿದ ಕೂಗು ಸ್ವಲ್ಪ ಜೋರಾಗಿತ್ತು. ಆ ಹೆಚ್ಚಿನ ದನಿ ಆಟದ ಸಂತೋಷದ್ದೋ, ಬೆಳಗಿನ ಪ್ರಶ್ನೆಗೆ ಉತ್ತರವೋ? ಅಂಗಡಿಯ ಮುಂದೆ ಇತರರಿಗಿಂತ ದೊಡ್ಡ ಧ್ವಜ ಕಟ್ಟುವ ನಮ್ಮವರಲ್ಲಿ ಪ್ರೀತಿ ಎಷ್ಟು, ಅಂಜಿಕೆ ಎಷ್ಟು ಎಂದು ತೂಗಲು ತಕ್ಕಡಿ ಎಲ್ಲಿಂದ ತರುವುದು? ನಮ್ಮದೇ ಎದೆಯಲ್ಲಿ ಎರಡೂ ಬೆರೆತುಹೋಗಿ, ಬೇರೆ ಮಾಡಲು ಬಾರದಂತಾಗಿವೆ. ಸಂಶಯಪಡುವವನಿಗೆ ಯಾವ ಪುರಾವೆಯೂ ಸಾಲದು. ಸಣ್ಣ ಧ್ವಜ ಕಟ್ಟಿದರೆ ಮನಸ್ಸಿಲ್ಲ ಎನ್ನುತ್ತಾನೆ, ದೊಡ್ಡದು ಕಟ್ಟಿದರೆ ನಾಟಕ ಎನ್ನುತ್ತಾನೆ.

ಇಷ್ಟೆಲ್ಲ ನಡೆಯುವಾಗ ಧ್ವಜ ಎಲ್ಲಿಂದ ಬರುತ್ತದೆ ಎಂಬುದನ್ನು ನಾವು ಯೋಚಿಸಿರಲೇ ಇಲ್ಲ. ಸ್ವತಂತ್ರ ಭಾರತವು ರೂಪಿಸಿದ ಗುಣಮಟ್ಟದ ಮಾನಕಗಳಲ್ಲಿ ಮೊದಲನೆಯ ಸಂಖ್ಯೆ ರಾಷ್ಟ್ರಧ್ವಜದ್ದು, 1951ರಲ್ಲಿ ಬಂದದ್ದು. ಎಳೆಗಳ ಲೆಕ್ಕ, ಬಣ್ಣದ ಗಟ್ಟಿತನ, ಚಕ್ರದ ಇಪ್ಪತ್ತನಾಲ್ಕು ಕಡ್ಡಿಗಳು, ಒಂಬತ್ತು ಅಳತೆಗಳು, ಎಲ್ಲಕ್ಕೂ ನಿಯಮವಿದೆ. ಆ ನಿಯಮದಂತೆ ಖಾದಿ ಧ್ವಜ ತಯಾರಾಗುವುದು ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರಲ್ಲಿ ಆರಂಭವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ. ಅಲ್ಲಿ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಂಗಸರು. ಅವರು ಹೊಲಿಯುವುದು ಕೂಲಿಗಾಗಿ. ಚಕ್ರ ಒಂದು ಕೂದಲೆಳೆ ಸರಿದರೂ ಬಟ್ಟೆ ತಿರಸ್ಕಾರವಾಗುತ್ತದೆಂದು ಎಚ್ಚರದಿಂದ ಹೊಲಿಯುತ್ತಾರೆ. ಇದು ದೇಶಭಕ್ತಿಯೋ, ಹೊಟ್ಟೆಪಾಡೋ? ಯಾರೂ ಅವರನ್ನು ಕೇಳುವುದಿಲ್ಲ, ಕೇಳುವ ಅಗತ್ಯವೂ ಕಾಣುವುದಿಲ್ಲ.

2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜಗಳಿಗೂ ಅನುಮತಿ ದೊರೆಯಿತು. ಮನೆಮನೆಗೆ ಧ್ವಜ ಮುಟ್ಟಿಸಲು ಅದು ಬೇಕಿತ್ತು ಎಂಬ ವಾದವೂ ಇದೆ, ಅದರಲ್ಲಿ ಹುರುಳಿಲ್ಲವೆನ್ನಲಾರೆವು. ಆದರೆ ತಮ್ಮ ಕೆಲಸಕ್ಕೆ ಕುತ್ತು ಬರುತ್ತದೆಂದು ಬೆಂಗೇರಿಯವರು 2022ರಲ್ಲಿ ಪ್ರತಿಭಟನೆಗೆ ಇಳಿದರು. ಪತ್ರಿಕೆಯಲ್ಲಿ ಆ ಸುದ್ದಿ ಓದುವ ಹೊತ್ತಿಗೆ ನಮ್ಮ ಪಾಲಿಯೆಸ್ಟರ್ ಧ್ವಜ ಮಾಳಿಗೆಯ ಮೇಲೆ ಹಾರಾಡುತ್ತಿತ್ತು. ಎದುರು ಮನೆಯವರ ಕಿಟಕಿಯನ್ನು ನೆನೆದಿದ್ದೆವು, ಬೆಂಗೇರಿಯ ಹೊಲಿಗೆಯ ಯಂತ್ರವನ್ನು ನೆನೆದಿರಲಿಲ್ಲ.

ಕೊನೆಗೆ ಆಗಸ್ಟ್ ಮುಗಿಯುವ ಹೊತ್ತಿಗೆ, ಒಂದು ರಾತ್ರಿ ಕರೆಂಟು ಹೋದಾಗ, ಧ್ವಜವನ್ನು ಇಳಿಸಿ ಒಳಗೆ ತಂದೆವು. ಇನ್ನೇನು ಮಾಡಬೇಕು? ಸಂಹಿತೆ ಸ್ಪಷ್ಟವಾಗಿದೆ: ಹಾಳಾದ ಧ್ವಜವನ್ನು ಕಸಕ್ಕೆ ಎಸೆಯಬಾರದು, ಏಕಾಂತದಲ್ಲಿ, ಗೌರವದಿಂದ, ಮೇಲಾಗಿ ಸುಟ್ಟು ವಿಲೇವಾರಿ ಮಾಡಬೇಕು. ಸಾರ್ವಜನಿಕರ ಕಣ್ಣಿಗೆ ಬೀಳುವಂತೆ ಸುಟ್ಟರೆ 1971ರ ಕಾಯ್ದೆಯ ಪ್ರಕಾರ ಅಪರಾಧ. ನಾವು ಹಿತ್ತಿಲಿಗೆ ಹೋಗಿ ಜಾಗ ನೋಡಿದೆವು. ಗೋಡೆ ಎದೆಯೆತ್ತರ. ಆಚೆ ಮನೆಯವರು ಮಾಡಿಯ ಮೇಲೆ ಬಟ್ಟೆ ಒಣಹಾಕುತ್ತಾರೆ, ಅವರ ಮಗನ ಕೈಯಲ್ಲಿ ಯಾವಾಗಲೂ ಮೊಬೈಲು. ಯಾರಾದರೂ ಇಣುಕಿದರೆ ಅವರಿಗೆ ಕಾಣುವುದು ಸಂಹಿತೆಯಲ್ಲ. ನಮ್ಮಂಥ ಹೆಸರಿನವರ ಹಿತ್ತಿಲಲ್ಲಿ ಉರಿಯುತ್ತಿರುವ ರಾಷ್ಟ್ರಧ್ವಜ. ಬೆಂಕಿಪೊಟ್ಟಣ ಹಿಡಿದು ಸ್ವಲ್ಪ ಹೊತ್ತು ನಿಂತೆವು. ಆಮೇಲೆ ಒಳಗೆ ಬಂದು ಅದನ್ನು ಮಡಚಿ, ಹಳೆಯ ರೇಷ್ಮೆ ಸೀರೆಗಳ ನಡುವೆ ಬೀರುವಿನಲ್ಲಿ ಇಟ್ಟೆವು. ಅದು ಈಗಲೂ ಅಲ್ಲೇ ಇದೆ.