ಜಾನಕಿ ಈಗ ಏನು ಮಾಡ್ತಿರಬಹುದು

ಮೈಸೂರಿನ ಸರಸ್ವತಿಪುರಂ. ಅವರೆಕಾಯಿ ಕಾಲ. ಚಿಕ್ಕಮ್ಮನ ಮನೆಯ ಪಡಸಾಲೆಯಲ್ಲಿ ಪಾತ್ರೆ ತುಂಬ ನೆನೆಸಿದ ಅವರೆಕಾಳು. ಸುತ್ತ ಕೂತು ಹಿತುಕುತ್ತಿದ್ದೆವು. ಚಿಕ್ಕಮ್ಮನಿಗೆ ಎಪ್ಪತ್ತಾರು. ಪಕ್ಕದ ಮನೆಯ ಮೇಷ್ಟ್ರು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟವರು, ಈಗಲೂ ಕರೆದರೆ ಭಾರತ ವಾಚನಕ್ಕೆ ಹೋಗುತ್ತಾರೆ. ನಾನು ಹತ್ತು ವರ್ಷ ಧಾರಾವಾಹಿಗಳಿಗೆ ಸಂಭಾಷಣೆ ಬರೆದವಳು.

ಚಿಕ್ಕಮ್ಮ: ಬೆಳಿಗ್ಗೆ ಎದ್ದಾಗಿಂದ ಒಂದೇ ಯೋಚನೆ ಕಣೇ. ಜಾನಕಿ ಈಗ ಏನು ಮಾಡ್ತಿರಬಹುದು?

ನಾನು: ಯಾವ ಜಾನಕಿ?

ಚಿಕ್ಕಮ್ಮ: ‘ಮಗಳು ಜಾನಕಿ’. ಟಿ.ಎನ್. ಸೀತಾರಾಮ್ ಅವರದ್ದು. 2018ರಲ್ಲಿ ಶುರುವಾಯ್ತಲ್ಲ, ಗಾನವಿ ಮಾಡ್ತಿದ್ದಳು. ಜಾನಕಿ ಪೊಲೀಸ್ ಅಧಿಕಾರಿ ಆದಳು. ಆಮೇಲೆ 2020ರಲ್ಲಿ ಲಾಕ್‌ಡೌನ್ ಬಂತು, ಚಿತ್ರೀಕರಣ ನಿಂತಿತು. ಬೇರೆ ಎಷ್ಟೋ ಧಾರಾವಾಹಿಗಳು ಮತ್ತೆ ಬಂದವು. ಇದು ಬರಲೇ ಇಲ್ಲ. ಕಥೆ ಮುಗಿದವರು ಯಾರೂ ನನ್ನನ್ನ ಹೀಗೆ ಕಾಡಿಲ್ಲ.

ನಾನು: ಅವಳು ಏನೂ ಮಾಡ್ತಿಲ್ಲ ಚಿಕ್ಕಮ್ಮ. ಬರೆಯೋದು ನಿಂತ ದಿನ ಅವಳೂ ನಿಂತಳು. ಆ ಕೆಲಸ ಮಾಡಿದವಳು ನಾನು, ಗೊತ್ತಿದ್ದೇ ಹೇಳ್ತಿದೀನಿ. ನಾಳೆಯ ಸೀನು ಬರೆಯೋ ತನಕ ಆ ಪಾತ್ರಕ್ಕೆ ನಾಳೆ ಅನ್ನೋದೇ ಇರಲ್ಲ.

ಚಿಕ್ಕಮ್ಮ: ನಿನ್ನ ಕಾಗದದಲ್ಲಿ ಇಲ್ಲದೆ ಇರಬಹುದು.

ಮೇಷ್ಟ್ರು: ಮಧ್ಯದಲ್ಲಿ ನಿಲ್ಲೋದು ನಮ್ಮ ಕಡೆ ಹೊಸದೇನಲ್ಲ ಕಣಮ್ಮ. ಗದುಗಿನ ನಾರಾಣಪ್ಪ, ಅದೇ ನಮ್ಮ ಕುಮಾರವ್ಯಾಸ, ಭಾರತದ ಹದಿನೆಂಟು ಪರ್ವವನ್ನೂ ಬರೆಯಲಿಲ್ಲ, ಹತ್ತಕ್ಕೆ ನಿಲ್ಲಿಸಿದ. ದುರ್ಯೋಧನ ತೊಡೆ ಮುರಿದು ಬಿದ್ದ, ಧರ್ಮರಾಯನಿಗೆ ಪಟ್ಟ ಆಯ್ತು, ಅಲ್ಲಿಗೆ ಮುಗೀತು. ಮಿಕ್ಕಿದ್ದನ್ನ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ. ಅಲ್ಲೀ ತನಕ ಧರ್ಮರಾಯ ಸಿಂಹಾಸನದ ಮೇಲೆ ಸುಮ್ಮನೆ ಕೂತಿದ್ದನೇ?

ನಾನು: ಅದು ಬೇರೆ ಮೇಷ್ಟ್ರೇ. ಧರ್ಮರಾಯ ಹಿಮಾಲಯ ಹತ್ತುತ್ತಾನೆ, ಹಿಂದೆ ನಾಯಿ ಹೋಗತ್ತೆ ಅಂತ ಕುಮಾರವ್ಯಾಸ ಬರೆಯದಿದ್ದರೂ ಕೇಳೋರಿಗೆ ಗೊತ್ತಿತ್ತು. ಕಥೆ ಕವಿಗಿಂತ ಮೊದಲೇ ಇತ್ತು. ಜಾನಕಿಯ ಕಥೆ ಯಾರಿಗಿಂತ ಮೊದಲೂ ಇರಲಿಲ್ಲ. ಸೀತಾರಾಮ್ ಅವರ ತಲೆಯಲ್ಲಿ ಒಂದು ದಾರಿ ಇದ್ದೀತು, ಆದರೆ ದಿನದ ಧಾರಾವಾಹಿಯಲ್ಲಿ ಆ ದಾರಿ ವಾರಕ್ಕೊಮ್ಮೆ ತಿರುಗತ್ತೆ. ಗುರುವಾರ ಟಿಆರ್‌ಪಿ ಬರತ್ತೆ, ಒಂದು ಟ್ರ್ಯಾಕ್ ನಿಲ್ಲತ್ತೆ. ನಟಿಗೆ ಸಿನಿಮಾ ಸಿಗತ್ತೆ, ಡೇಟು ಸಿಗಲ್ಲ. ಇಪ್ಪತ್ತೆರಡು ನಿಮಿಷ ತುಂಬಬೇಕು, ಕೈಯಲ್ಲಿ ಎರಡು ದಿನದ ಎಪಿಸೋಡೂ ಇರಲ್ಲ. ಮೇಕಪ್ ಹಾಕ್ಕೊಂಡು ಕೂತವರ ಕೈಗೆ ಬಿಸಿಬಿಸಿ ಕಾಗದ ಕೊಟ್ಟಿದೀನಿ ನಾನು. ಕರ್ಣ ಸಾಯ್ತಾನೆ ಅಂತ ಕುಮಾರವ್ಯಾಸನಿಗೆ ಮೊದಲ ದಿನದಿಂದ ಗೊತ್ತು. ಅವನು ಕರ್ಣನ ಬಾಯಲ್ಲಿ ಒಂದು ಮಾತು ಹಾಕಿದರೆ ಆ ಮಾತಿನ ಮೇಲೆ ಸಾವಿನ ನೆರಳು ಬಿದ್ದಿರತ್ತೆ. ನಾನು ಬರೆದ ಹೆಂಗಸರ ಮಾತಿನ ಮೇಲೆ ಅಂಥ ನೆರಳು ಬೀಳಲಿಲ್ಲ. ಅವರ ಮುಂದೆ ಏನಿದೆ ಅಂತ ನನಗೂ ಗೊತ್ತಿರಲಿಲ್ಲ.

ಮೇಷ್ಟ್ರು: ಅದನ್ನ ನೀನು ಕೊರತೆ ಅಂತ ಹೇಳ್ತಿದೀಯ.

ನಾನು: ಕೊರತೆಯೇ. ಕೊನೆ ಗೊತ್ತಿಲ್ಲದ ಮೇಲೆ ಮೊದಲಿಗೆ ಅರ್ಥ ಎಲ್ಲಿಂದ ಬರಬೇಕು?

ಚಿಕ್ಕಮ್ಮ: ನಿಮ್ಮ ಚಿಕ್ಕಪ್ಪ ಮದುವೆಯಾದ ಹೊಸತರಲ್ಲಿ ಆಫೀಸಿಂದ ಬರ್ತಾ ಸಯ್ಯಾಜಿರಾವ್ ರಸ್ತೆಯಿಂದ ಒಂದು ಮೊಳ ಮಲ್ಲಿಗೆ ತಂದಿದ್ದರು. ಅವರು ಹೇಗೆ ಹೋಗ್ತಾರೆ ಅಂತ ಅವತ್ತು ನನಗೆ ಗೊತ್ತಿರಲಿಲ್ಲ. ಅದಕ್ಕೇ ಆ ಮಲ್ಲಿಗೆಗೆ ಅರ್ಥ ಇರಲಿಲ್ಲವೇನೇ?

(ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮೇಷ್ಟ್ರು ಸಿಪ್ಪೆಯನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದರು.)

ಮೇಷ್ಟ್ರು: ನಿನ್ನ ಚಿಕ್ಕಮ್ಮ ಹೇಳಿದ್ದು ಸರಿ. ಕಾವ್ಯದಲ್ಲಿ ಕವಿ ಬೆಟ್ಟದ ಮೇಲೆ ನಿಂತಿರ್ತಾನೆ, ನಾವು ಕೆಳಗೆ. ಧಾರಾವಾಹಿಯಲ್ಲಿ ಬರೆಯೋನು, ಮಾಡೋನು, ನೋಡೋನು ಮೂವರೂ ಒಂದೇ ರಸ್ತೆಯಲ್ಲಿ ನಡೀತಾರೆ. ನಾಳೆ ಯಾರಿಗೂ ಕಾಣಲ್ಲ. ಬದುಕು ನಡೆಯೋ ಹಾಗೆಯೇ ನಡೆಯೋ ಕಥೆ ಅದೊಂದೇ. ನಾನು ಅದನ್ನ ಕೀಳು ಅಂತಲೇ ತಿಳಿದಿದ್ದೆ, ತುಂಬ ವರ್ಷ.

ನಾನು: ನೀವು ‘ಮಾಯಾಮೃಗ’ ನೋಡ್ತಿದ್ದಿರಲ್ಲ?

ಮೇಷ್ಟ್ರು: ನೋಡ್ತಿದ್ದೆ. 1998. ಚಂದನದಲ್ಲಿ ಬರ್ತಿತ್ತು. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ, ಮೂವರು ಸೇರಿ ನಿರ್ದೇಶನ ಮಾಡಿದ್ದು. ಸ್ಟಾಫ್ ರೂಮಿನಲ್ಲಿ ಮಾತ್ರ ನಮ್ಮ ಮನೆಯವರು ನೋಡ್ತಾರೆ ಅಂತ ಹೇಳ್ತಿದ್ದೆ. ಅದು ತಪ್ಪು. ಆ ಹುಡುಗಿ ಮಾಳವಿಕಾ ಮಾತಾಡೋದನ್ನ ಕೇಳೋಕೆ ನಾನು ಶೂ ಬಿಚ್ಚದೆ ನಿಲ್ತಿದ್ದೆ.

ಚಿಕ್ಕಮ್ಮ: ನಿಮ್ಮ ಚಿಕ್ಕಪ್ಪ ಹೋದ ವರ್ಷ ಅದು. ಹದಿಮೂರನೇ ದಿನ ಮುಗೀತು, ನೆಂಟರೆಲ್ಲ ಹೊರಟರು. ಸಂಜೆ ಪಕ್ಕದ ಮನೆಯಿಂದ ಮಾಯಾಮೃಗದ ಹಾಡು ಕೇಳಿಸ್ತು. ಎಷ್ಟು ಕಂತು ತಪ್ಪಿಹೋಯ್ತು ಅಂತ ಮನಸ್ಸು ತಾನಾಗಿ ಲೆಕ್ಕ ಹಾಕಿಬಿಡ್ತು. ನಾಚಿಕೆ ಆಯ್ತು ನನಗೆ. ಗಂಡ ಹೋಗಿ ಇನ್ನೂ ಎರಡು ವಾರ ಆಗಿಲ್ಲ. ಮೇಷ್ಟ್ರ ಮನೆಯವರು ಮಾರನೇ ದಿನ ಸಾರು ತಂದುಕೊಟ್ಟರು. ಕೇಳಲೋ ಬೇಡವೋ ಅಂತ ಒದ್ದಾಡಿ ಕೇಳಿದೆ. ಅವರು ಅಡುಗೆಮನೆ ಹೊಸಲ ಮೇಲೆ ಕೂತು ಅಷ್ಟನ್ನೂ ಹೇಳಿದರು. ಯಾರು ಯಾರಿಗೆ ಏನು ಅಂದರು, ಯಾವ ಸೀರೆ ಉಟ್ಟಿದ್ದರು, ಯಾರು ಅಳದೆ ತಡಕೊಂಡರು. ಅವತ್ತು ನಾನು ಊಟ ಮಾಡಿದೆ.

ಮೇಷ್ಟ್ರು: ಅವಳು ಅದನ್ನ ನನಗೆ ಹೇಳಿರಲಿಲ್ಲ.

ಚಿಕ್ಕಮ್ಮ: ಆಮೇಲೆ ಆ ಕಂತುಗಳನ್ನ ಯೂಟ್ಯೂಬಲ್ಲಿ ಹಾಕಿದರಲ್ಲ, ಇವಳೇ ಹಚ್ಚಿಕೊಟ್ಟಳು. ನೋಡಿದೆ. ಚೆನ್ನಾಗಿತ್ತು. ಆದರೆ ನನಗೆ ಗೊತ್ತಿದ್ದದ್ದು ಅದಲ್ಲ. ಅವರು ಹೊಸಲ ಮೇಲೆ ಕೂತು ಹೇಳಿದ್ದೇ ನನ್ನ ಮಾಯಾಮೃಗ.

ಮೇಷ್ಟ್ರು: ವಾಚನದಲ್ಲಿ ಹೀಗೇ ಆಗತ್ತೆ. ನಾನು ಪದ್ಯ ಓದ್ತೀನಿ, ವ್ಯಾಖ್ಯಾನ ಮಾಡೋರು ಬಿಡಿಸಿ ಹೇಳ್ತಾರೆ. ಕೊನೆಗೆ ಮನೆಗೆ ಹೋಗೋರು ಪದ್ಯ ತಗೊಂಡು ಹೋಗಲ್ಲ. ದ್ರೌಪದಿ ಹೀಗಂದಳಂತೆ ಅಂತ ಮನೇಲಿ ಹೇಳ್ತಾರಲ್ಲ, ದ್ರೌಪದಿ ಇರೋದು ಅಲ್ಲಿ.

ನಾನು: ಹಾಗಾದರೆ ಬರೆದವರು?

ಮೇಷ್ಟ್ರು: ಬರೆದವರು ಮಾತಿಗೆ ಜಾಗ ಮಾಡಿಕೊಡ್ತಾರೆ. ಎಲ್ಲರಿಗೂ ಬರಲ್ಲ ಅದು.

ನಾನು: ‘ಮುಕ್ತ ಮುಕ್ತ’ ನಡೀತಿದ್ದಾಗ ಸೀತಾರಾಮ್ ಸಂವಾದ ಅಂತ ಇಟ್ಟು ನೋಡೋರನ್ನ ಎದುರಿಗೆ ಕೂರಿಸಿಕೊಳ್ತಿದ್ದರು. ಜನ ಎದ್ದು ನಿಂತು ಪಾತ್ರಗಳ ಪರವಾಗಿ ವಾದ ಮಾಡೋರು. ಎಷ್ಟು ಮನೆಯಲ್ಲಿ ಟಿವಿ ಹಚ್ಚಿದ್ದರು ಅಂತ ಟಿಆರ್‌ಪಿ ಹೇಳತ್ತೆ. ಆರಿಸಿದ ಮೇಲೆ ಏನು ಮಾತಾಡಿದರು ಅಂತ ಅಲ್ಲಿ ತಿಳೀತಿತ್ತು. ನನಗೆ ಆ ಭಾಗ್ಯ ಸಿಗಲಿಲ್ಲ. ಆದರೆ ಚಿಕ್ಕಮ್ಮ, ಮಾತಾಡಿಕೊಂಡರೆ ಸಾಕು ಅನ್ನೋದಾದರೆ ಎಲ್ಲಾ ಧಾರಾವಾಹಿಯ ಪಾತ್ರಗಳೂ ಬದುಕಬೇಕು. ಸಾವಿರ ಕಂತು ದಾಟಿದವು ಎಷ್ಟಿಲ್ಲ? ಅವರ ಬಗ್ಗೆ ನೀನು ಯಾಕೆ ಕೇಳಲ್ಲ?

ಚಿಕ್ಕಮ್ಮ: ಅವರಿಗೆ ಕೆಲಸ ಇಲ್ಲ.

ನಾನು: ಅಂದರೆ?

ಚಿಕ್ಕಮ್ಮ: ಬೆಳಿಗ್ಗೆ ಎದ್ದು ರೇಷ್ಮೆ ಸೀರೆ ಉಟ್ಟು ಮಹಡಿ ಮೆಟ್ಟಿಲ ಮೇಲೆ ನಿಂತಿರ್ತಾರೆ. ಎಲ್ಲಿಗೆ ಹೋಗಬೇಕು, ಏನು ಮಾಡಬೇಕು, ದುಡ್ಡು ಎಲ್ಲಿಂದ ಬರತ್ತೆ, ಒಂದೂ ಇಲ್ಲ. ಟಿವಿ ಆರಿಸಿದರೆ ಅವರೂ ಆರಿಹೋಗ್ತಾರೆ. ಸೀತಾರಾಮ್ ಧಾರಾವಾಹಿಯ ವಕೀಲ ಸಿ.ಎಸ್.ಪಿ. ಹಾಗಲ್ಲ. ಕರಿ ಕೋಟು ಹಾಕಿಕೊಂಡು ಕೋರ್ಟಿಗೆ ಹೋಗಬೇಕು, ಫೈಲು ಓದಬೇಕು, ವಾಯಿದೆ ಇರತ್ತೆ. ಇವತ್ತು ಟಿವಿಯಲ್ಲಿ ಕಾಣಿಸದಿದ್ದರೆ ಕೇಸಿನ ಮೇಲೆ ಎಲ್ಲೋ ಹೋಗಿದಾರೆ ಅಂದುಕೊಳ್ತಿದ್ದೆ. ಕೆಲಸ ಇರೋರಿಗೆ ನಾಳೆ ಇರತ್ತೆ. ಜಾನಕಿ ಈಗ ಏನು ಮಾಡ್ತಿರಬಹುದು ಅಂತ ನಾನು ಕೇಳಬಹುದು. ಅವಳು ಠಾಣೆಗೆ ಹೋಗಬೇಕಲ್ಲ.

ನಾನು: ಸೀತಾರಾಮ್ ಸ್ವತಃ ಕಾನೂನು ಓದಿ ವಕೀಲಿಕೆ ಕಂಡವರು. ಆ ಕೋರ್ಟಿನ ಸೀನು ಅಷ್ಟು ಗಟ್ಟಿಯಾಗಿ ನಿಂತಿದ್ದಕ್ಕೆ ಅದೂ ಕಾರಣ. ಇಷ್ಟು ವರ್ಷ ಬರೆದು ನನಗೆ ಇದು ಹೊಳೀಲಿಲ್ಲ ನೋಡು. ಪಾತ್ರಕ್ಕೆ ದುಃಖ ಏನು ಅಂತ ಕೇಳ್ತಿದ್ದರು ನಮ್ಮನ್ನ. ಸಂಬಳ ಎಷ್ಟು ಅಂತ ಯಾರೂ ಕೇಳಲಿಲ್ಲ.

ಮೇಷ್ಟ್ರು: ಊರೂ ಬೇಕು. ವೈಶಾಲಿ ಕಾಸರವಳ್ಳಿ ಅವರ ‘ಮೂಡಲಮನೆ’ ಜನ ಆಡ್ತಿದ್ದ ಉತ್ತರ ಕರ್ನಾಟಕದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಮಾತಿನಿಂದಲೇ ಅವರ ಮನೆ ಎಲ್ಲಿದೆ ಅಂತ ಗೊತ್ತಾಗ್ತಿತ್ತು.

ನಾನು: ಒಂದು ಮಾತು ನನ್ನನ್ನ ಕೊರೀತಾನೇ ಇದೆ. ಇಂಗ್ಲೆಂಡಿನ ಬಿಬಿಸಿ ರೇಡಿಯೋದಲ್ಲಿ ‘ದಿ ಆರ್ಚರ್ಸ್’ ಅಂತ ರೈತರ ಕಥೆ, 1951ರಿಂದ ಇವತ್ತಿಗೂ ನಡೀತಿದೆ. ಅದರಲ್ಲಿ ಗ್ರೇಸ್ ಅಂತ ಹೊಸದಾಗಿ ಮದುವೆಯಾದ ಹುಡುಗಿ. 1955ರ ಸೆಪ್ಟೆಂಬರ್ 22ರ ರಾತ್ರಿ ಲಾಯಕ್ಕೆ ಬೆಂಕಿ ಬಿತ್ತು, ಕುದುರೆ ಉಳಿಸೋಕೆ ಹೋಗಿ ಸತ್ತಳು. ದೇಶವೇ ಅತ್ತಿತು. ಅದೇ ರಾತ್ರಿ ಅಲ್ಲಿ ಖಾಸಗಿ ಟಿವಿ ಮೊದಲ ಬಾರಿಗೆ ಶುರುವಾಗಿದ್ದು. ಕೇಳುಗರು ಆ ಕಡೆ ಹೋಗದಿರಲಿ ಅಂತಲೇ ಕೊಂದರು ಅಂತ ಹೇಳ್ತಾರೆ. ಅಂಥ ಸಾವಿಗೆ ಅಳೋದು ಮೋಸಹೋದ ಹಾಗಲ್ಲವೇ?

ಚಿಕ್ಕಮ್ಮ: ನಮ್ಮ ಸೋದರಮಾವ ಲಾರಿಯ ಬ್ರೇಕು ಸರಿ ಇಲ್ಲದೆ ಹೋದರು. ರಿಪೇರಿ ದುಡ್ಡು ಉಳಿಸಿದ್ದನಂತೆ ಆ ಲಾರಿಯವನು. ಕಾರಣ ಅಗ್ಗದ್ದು ಅಂತ ಅತ್ತೆ ಕಡಿಮೆ ಅಳಲಿಲ್ಲ.

ಮೇಷ್ಟ್ರು: ಆದರೆ ಲಾರಿಯವನ ತಪ್ಪು ತಪ್ಪೇ.

ಚಿಕ್ಕಮ್ಮ: ತಪ್ಪೇ. ಬರೆಯೋರು ನೆನಪಿಟ್ಟುಕೊಳ್ಳಲಿ.

ನಾನು: 2022ರಲ್ಲಿ ‘ಮತ್ತೆ ಮಾಯಾಮೃಗ’ ಬಂತಲ್ಲ, ಅದೇ ಮೂವರು ಸೇರಿ ಮಾಡಿದ್ದು. ಹಳೆಯ ಕಲಾವಿದರು ಹಲವರು ಅದೇ ಪಾತ್ರವಾಗಿ ಬಂದರು. ಕೂದಲು ನೆರೆತಿತ್ತು. ಮೇಕಪ್ಪಿನ ನೆರೆ ಅಲ್ಲ. ನೋಡ್ತಾ ನನಗೆ ಒಂಥರಾ ಭಯ ಆಯ್ತು. ಸುಮಾರು ಇಪ್ಪತ್ನಾಲ್ಕು ವರ್ಷ ಆ ಪಾತ್ರಗಳನ್ನ ಟಿವಿಗೆ ಯಾರೂ ಬರೆದಿರಲಿಲ್ಲ. ಆದರೂ ಅವು ಮುದಿಯಾಗಿದ್ದವು. ಆ ವರ್ಷಗಳನ್ನ ಬರೆದವರು ಯಾರು?

ಚಿಕ್ಕಮ್ಮ: ನಾನು.

(ಮೇಷ್ಟ್ರು ಹಿತುಕುವುದನ್ನು ನಿಲ್ಲಿಸಿ ಚಿಕ್ಕಮ್ಮನನ್ನೇ ನೋಡಿದರು. ಅವರ ಮನೆಯವರು ತೀರಿಕೊಂಡು ಆರು ವರ್ಷವಾಗಿತ್ತು.)

ಮೇಷ್ಟ್ರು: ನಮ್ಮ ಮನೆಯವಳೂ ಬರೆದಿದ್ದಾಳೆ. ಅವಳ ಪಾಲೂ ಇದೆ.

ಚಿಕ್ಕಮ್ಮ: ಇದೆ. ಹೊಸಲ ಮೇಲೆ ಕೂತು ಹೇಳಿದ್ದೆಲ್ಲ ಸೇರಿಸಿ.

ನಾನು: ಹಾಗಾದರೆ ನಾನೊಂದು ಒಪ್ಪಿಕೋಬೇಕು. ನಾನು ಬರೀತಿದ್ದ ಧಾರಾವಾಹಿಯಲ್ಲಿ ಒಬ್ಬ ಅತ್ತೆ ಪಾತ್ರ ಇತ್ತು. ಚೀಟಿ ನಡೆಸೋ ಹೆಂಗಸು. ಆ ಪಾತ್ರ ಮಾಡ್ತಿದ್ದವರಿಗೆ ಡೇಟು ಹೊಂದಲಿಲ್ಲ. ಒಂದು ಮಧ್ಯಾಹ್ನ ಎರಡು ಸಾಲಿನಲ್ಲಿ ಅವರನ್ನ ಕಾಶಿಗೆ ಕಳಿಸಿದೆ. ಮತ್ತೆ ಕರೆಸಲೇ ಇಲ್ಲ. ಮೂರು ತಿಂಗಳಾದ ಮೇಲೆ ಧಾರಾವಾಹಿಯೂ ಮುಗೀತು.

ಚಿಕ್ಕಮ್ಮ: ಗೊತ್ತು. ನೋಡ್ತಿದ್ದೆ. ಸೊಸೆಗೆ ಬೀಗದ ಕೈ ಕೊಟ್ಟು, ಹಾಲಿನವನಿಗೆ ಅರ್ಧ ಲೀಟರು ಕಮ್ಮಿ ಹಾಕೋಕೆ ಹೇಳಿ ಹೋದಳು. ಅರ್ಧ ಲೀಟರು ಅಂತ ಹೇಳಿಸಿದ್ದು ನೀನೇ?

ನಾನು: ನಾನೇ.

ಚಿಕ್ಕಮ್ಮ: ಒಳ್ಳೇದು ಮಾಡಿದೆ. ಆಮೇಲೆ? ಬಂದಳೋ ಇಲ್ಲವೋ?

ನಾನು: ಗೊತ್ತಿಲ್ಲ ಚಿಕ್ಕಮ್ಮ.

ಚಿಕ್ಕಮ್ಮ: ಗೊತ್ತಿಲ್ಲ ಅಂದರೆ ಆಗಲ್ಲ. ಜನರ ಚೀಟಿ ದುಡ್ಡು ಅವಳ ಕೈಲಿದೆ. ಹೇಳು.

ನಾನು: ...ಹೊರಟಿದಾರೆ. ಕಾಶಿಯಿಂದ ರೈಲು ತಡ. ಬೆಂಗಳೂರಿಗೆ ಬರೋ ಹೊತ್ತಿಗೆ ಕತ್ತಲಾಗಿದೆ. ಕೈಯಲ್ಲಿ ಗಂಗೆಯ ಗಿಂಡಿ, ಬ್ಯಾಗಿನಲ್ಲಿ ಚೀಟಿ ಪುಸ್ತಕ. ಆಟೋದವನು ಹೆಚ್ಚಿಗೆ ಕೇಳಿದ ಅಂತ ಬಸ್ಸಿಗೆ ಕಾಯ್ತಿದಾರೆ.

ಮೇಷ್ಟ್ರು: ಈ ಹೊತ್ತಿನಲ್ಲಿ ಬಸ್ಸು ಸಿಗತ್ತೇನಮ್ಮ?

ನಾನು: ಕೊನೇ ಬಸ್ಸು ಇದೆ ಮೇಷ್ಟ್ರೇ.

ಚಿಕ್ಕಮ್ಮ: ಹಾಗಿದ್ದರೆ ಸೊಸೆ ಅನ್ನ ಮುಚ್ಚಿಟ್ಟಿರ್ತಾಳೆ. ಆ ಹುಡುಗಿ ಒಳ್ಳೆಯವಳು. ಮುಂದಕ್ಕೆ ಹೇಳು, ಕಾಳು ಇನ್ನೂ ಇಷ್ಟಿದೆ.