ಹಿಡಿಯದೆ ಕಾಯುವ ಕೈ

ಕಿರಂಗೂರಿನ ಬನ್ನಿಮಂಟಪವನ್ನು ನೀವು ಕಂಡಿರಬಹುದು. ಶ್ರೀರಂಗಪಟ್ಟಣದ ದಸರಾ ಮೆರವಣಿಗೆ ಹೊರಡುವುದು ಅಲ್ಲಿಂದಲೇ. 1610ರಲ್ಲಿ ರಾಜ ಒಡೆಯರು ಆ ಪಟ್ಟಣದಲ್ಲಿ ದಸರೆಯನ್ನು ಆರಂಭಿಸಿದ ಕಾಲದಲ್ಲಾಗಲಿ, ಮುಂದೆ ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಾಗಲಿ, ಕುದುರೆಯೇರಿದವನೆಂದರೆ ಬಲಶಾಲಿ. ನೆಟ್ಟಗೆ ನಿಲ್ಲಲೂ ಆಗದ ಮಗುವೊಂದು ಅದೇ ಕುದುರೆಯನ್ನೇರಿದರೆ, ಬಲವೆಂಬ ಮಾತಿಗೆ ಯಾವ ಅರ್ಥ ಹೇಳೋಣ?

ಇದು ಕಲ್ಪನೆಯಲ್ಲ. ಸೆರೆಬ್ರಲ್ ಪಾಲ್ಸಿಯಂಥ ತೊಂದರೆಯಿಂದ ದೇಹದ ಸಮತೋಲ ಕಳೆದುಕೊಂಡ ಮಕ್ಕಳಿಗೆ ಕುದುರೆಯ ನೆರವಿನ ಚಿಕಿತ್ಸೆ ಹಲವು ದೇಶಗಳಲ್ಲಿದೆ; ಬೆಂಗಳೂರಿನಲ್ಲಿಯೂ ಇಂಥ ಪ್ರಯತ್ನಗಳು ನಡೆದಿವೆ. ನಿಧಾನವಾಗಿ ನಡೆಯುವ ಕುದುರೆಯ ಬೆನ್ನು ಹಿಂದುಮುಂದಾಗಿ, ಎಡಬಲವಾಗಿ, ತುಸು ತಿರುಗುತ್ತಾ ಅಲುಗುತ್ತದೆ. ನಡೆಯುವ ಮನುಷ್ಯನ ಸೊಂಟದ ಚಲನೆಯೂ ಬಹುಮಟ್ಟಿಗೆ ಹೀಗೆಯೇ. ನಿಮಿಷಕ್ಕೆ ಸುಮಾರು 100 ಹೆಜ್ಜೆ. ಪ್ರತಿಯೊಂದು ಹೆಜ್ಜೆಗೂ ಮಗುವಿನ ಬೆನ್ನು, ಕುತ್ತಿಗೆಗಳು ತಮ್ಮನ್ನು ತಾವೇ ಸರಿಪಡಿಸಿಕೊಳ್ಳಲು ಯತ್ನಿಸುತ್ತವೆ.

ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬಾಕೆಗೆ ಪೋಲಿಯೊದಿಂದ ಮೊಣಕಾಲ ಕೆಳಗಿನ ಸ್ವಾಧೀನ ತಪ್ಪಿತ್ತು. ಕುದುರೆ ಹತ್ತಲು, ಇಳಿಯಲು ಅನ್ಯರ ನೆರವು ಬೇಕಾಗಿದ್ದ ಆಕೆ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕುದುರೆ ಸವಾರಿಯ ಬೆಳ್ಳಿ ಪದಕ ಗೆದ್ದರು. ಆ ಗೆಲುವು ಈ ಚಿಕಿತ್ಸೆಯತ್ತ ಲೋಕದ ಗಮನ ಸೆಳೆಯಿತು.

ಆದರೆ ಇದನ್ನು ಪವಾಡವೆಂದು ಭ್ರಮಿಸಬಾರದು. ರೋಗ ಇದರಿಂದ ಮಾಯವಾಗುವುದಿಲ್ಲ. ಕೆಲವು ಮಕ್ಕಳ ಕುಳಿತುಕೊಳ್ಳುವ ಶಕ್ತಿ, ಸಮತೋಲ ಸುಧಾರಿಸಬಹುದು, ಅಷ್ಟೆ. ವೈದ್ಯರ ಒಪ್ಪಿಗೆಯೂ ತರಬೇತಿ ಪಡೆದ ಸಾಧುಕುದುರೆಯೂ ಬೇಕು. ನೊಂದ ತಾಯಿತಂದೆಯರಿಗೆ ಸುಳ್ಳು ಭರವಸೆ ಮಾರುವುದು ಪಾಪ. ದಣಿದ ಪ್ರಾಣಿಯನ್ನು ನಡೆಸುವುದೂ ಅನ್ಯಾಯವೇ.

ನನ್ನ ಮನಸ್ಸು ನಿಲ್ಲುವುದು ಇನ್ನೊಂದು ಸಂಗತಿಯ ಮೇಲೆ. ಕುದುರೆಯ ಇಕ್ಕೆಲಗಳಲ್ಲಿ ಸಹಾಯಕರು ನಡೆಯುತ್ತಾರೆ. ಮಗು ವಾಲಿದರೆ ಹಿಡಿಯಲು ಅವರ ಕೈ ಸಿದ್ಧವಾಗಿರುತ್ತದೆ. ಆದರೆ ಅಗತ್ಯಕ್ಕಿಂತ ಹೆಚ್ಚು ಹಿಡಿದರೆ ಮಗುವಿನ ಬೆನ್ನು ಕಲಿಯುವುದೇ ಇಲ್ಲ. ಕರುಣೆ ಹೊತ್ತು ನಡೆಯುತ್ತದೆ. ಗೌರವ ಪಕ್ಕದಲ್ಲಿ ನಡೆಯುತ್ತದೆ. ಎರಡೂ ಪ್ರೀತಿಯೇ. ಯಾವ ಗಳಿಗೆಗೆ ಯಾವುದು ಸಲ್ಲುತ್ತದೆಂದು ಅರಿಯುವುದೇ ವಿವೇಕ.

ಪ್ರಿಯ ಓದುಗರೇ, ಕುದುರೆ ನಮ್ಮ ಊರುಗಳಿಗೆ ಬಾರದಿರಬಹುದು. ಆದರೆ ತಾನೇ ಉಣ್ಣಲು ತಡವರಿಸುವ ಮಗುವಿಗೆ ನಾವು ತುತ್ತಿಡುವುದು ಅದಕ್ಕೆ ಕೈಲಾಗದೆಂದೋ, ನಮಗೆ ತಾಳ್ಮೆಯಿಲ್ಲವೆಂದೋ? ದುಡಿದು ಬಂದ ತಾಯಿಯೊಬ್ಬಳಿಂದಲೇ ಆ ತಾಳ್ಮೆಯನ್ನು ಬಯಸುವುದು ಸರಿಯಲ್ಲ. ನೆರೆಹೊರೆಯವರೂ ಅದರಲ್ಲಿ ಪಾಲು ಹೊರಬೇಕು. ಬನ್ನಿಮಂಟಪದ ಜನಸಂದಣಿಯಲ್ಲಿ ಅಂಥ ಮಗುವೊಂದು ಎದುರಾದರೆ, "ಅಯ್ಯೋ ಪಾಪ" ಎನ್ನುವ ಮೊದಲು ಅದರ ಹೆಸರು ಕೇಳೋಣ. ಅದು ಉತ್ತರಿಸುವವರೆಗೂ ಕಾಯೋಣ.