ಲಾವಾ ಬಂಡೆ ಮತ್ತು ಅನಿಚ್ಚ



ನಮ್ಮ ಅಧ್ಯಯನ ಬಳಗದಲ್ಲಿ ತಮ್ಮನೊಬ್ಬ ಕೇಳಿದ: "ಎಲ್ಲವೂ ಅನಿಚ್ಚ ಅಂತೀರಲ್ಲ ಅಣ್ಣಾ, ಹಂಗಾದ್ರೆ ಜಾತಿನೂ ಒಂದಿನ ತಾನಾಗೇ ಹೋಗುತ್ತೆ. ನಾವ್ಯಾಕೆ ಬಡಿದಾಡಬೇಕು?" ಊರಲ್ಲಿ ಹಿರಿಯರು "ಕಾಲ ಬದಲಾಗ್ತಿದೆ, ತಡ್ಕೊಳ್ರಪ್ಪ" ಅನ್ನುವುದೂ ಇದೇ ಮಾತೇ. ಕೇಳಲು ಧಮ್ಮದಂತೆಯೇ ಇರುತ್ತದೆ, ಅದಕ್ಕೇ ಅಪಾಯ.

ಗೋವಿನಕೋವಿಯಿಂದ ನಾವು ಕೆಲವರು ಮಲ್ಪೆಗೆ ಹೋಗಿ, ದೋಣಿ ಹತ್ತಿ ಸೇಂಟ್ ಮೇರಿಸ್ ದ್ವೀಪಕ್ಕೆ ಇಳಿದಿದ್ದೆವು. ಅಲ್ಲಿ ನಡಿಗೆ ದೊಡ್ಡದೇನಲ್ಲ. ಕಂಬ ಕಂಬವಾಗಿ ನಿಂತ ಕಲ್ಲಿನ ಮೇಲೆ ಕಾಲಿಟ್ಟು ದಾಟಿದರೆ ಚಿಪ್ಪಿನ ಚೂರುಗಳೇ ತುಂಬಿದ ದಡ. (ಚಪ್ಪಲಿ ಬಿಡಬೇಡಿ, ಚುಚ್ಚುತ್ತದೆ.) ನಮ್ಮ ಹೊಳೆಯ ಕಲ್ಲು ನೀರಿಗೆ ಸವೆದು ಗುಂಡಗಿರುತ್ತದೆ. ಇಲ್ಲಿನವು ಐದು ಮೂಲೆ, ಆರು ಮೂಲೆ, ಯಾರೋ ಅಳತೆ ಹಿಡಿದು ಕಡಿದ ಹಾಗೆ. ಜೊತೆಯಲ್ಲಿದ್ದ ಅಜ್ಜಿ ಕೈಮುಗಿದರು. ಆದರೆ ಯಾರೂ ಕಡಿದಿಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುವ ಕಾಲಕ್ಕೆ ಉಕ್ಕಿದ ಲಾವಾ ಅದು. ಆರುತ್ತಾ ಕುಗ್ಗಿತು, ಕುಗ್ಗುತ್ತಾ ಬಿರಿಯಿತು. ಕಾರಣವಿತ್ತು, ಆಯಿತು. ಈಗ ಸಮುದ್ರ ಅದನ್ನು ತಿನ್ನುತ್ತಿದೆ. ಅದೂ ಅನಿಚ್ಚವೇ.

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಋತು ನಿಯಮ, ಬೀಜ ನಿಯಮ, ಕಮ್ಮ ನಿಯಮ ಎಂದು ಬೇರೆ ಬೇರೆಯಾಗಿ ಹೇಳುತ್ತಾರೆ. ಬಂಡೆ ಇರುವುದು ಬಿಸಿಲು, ಮಳೆ, ಅಲೆಯ ಕೈಯಲ್ಲಿ. ಅದು ಕಾಯಬಹುದು, ಕಾಯುವುದು ಬಿಟ್ಟು ಬೇರೆ ದಾರಿಯೂ ಅದಕ್ಕಿಲ್ಲ. ಜಾತಿಯನ್ನು ಯಾವ ಮಳೆಯೂ ತಂದಿಲ್ಲ. ಮನುಷ್ಯರು ದಿನಾ ಬೆಳಿಗ್ಗೆ ಎದ್ದು ಬೇರೆ ಲೋಟ ತೆಗೆದಿಡುವುದರಿಂದ ಅದು ಉಳಿದಿದೆ. ತೆಗೆದಿಡುವ ಕೈ ನಿಲ್ಲದೆ ಲೋಟ ಹೋಗುವುದಿಲ್ಲ. ಅನಿಚ್ಚ ಎಂದರೆ ತಾನಾಗೇ ಅಳಿಯುತ್ತದೆ ಎಂದಲ್ಲ, ಕಾರಣ ತೆಗೆದರೆ ನಿಲ್ಲುವುದಿಲ್ಲ ಎಂದು.

ಅಜಂತಾ, ಕಾರ್ಲೆಗಳೂ ಲಾವಾ ಕಲ್ಲೇ, ದಖ್ಖನ್ನಿನದು. ಅಲ್ಲಿನ ಭಿಕ್ಖುಗಳು ಗಾಳಿಮಳೆ ಬಂಡೆ ಕೊರೆದು ವಿಹಾರ ಮಾಡಿಕೊಡಲಿ ಎಂದು ಕೂತಿದ್ದರೆ ಇವತ್ತಿಗೂ ಅಲ್ಲಿ ಬರೀ ಬೆಟ್ಟವಿರುತ್ತಿತ್ತು. ಉಳಿ ಹಿಡಿದ ಜನ ಬೇಕಾಯಿತು, ಅವರಿಗೆ ದಾನ ಕೊಟ್ಟವರೂ ಬೇಕಾಯಿತು.

ಮಹಾಡ್ ಇರುವುದೂ ಅದೇ ದಖ್ಖನ್ ಲಾವಾ ನೆಲದಲ್ಲಿ. ಚವದಾರ್ ಕೆರೆ ಎಲ್ಲರಿಗೂ ಮುಕ್ತ ಎಂದು ಅಲ್ಲಿನ ಪುರಸಭೆ 1924ರಲ್ಲೇ ಠರಾವು ಮಾಡಿತ್ತು. ಮೂರು ವರ್ಷ ಕಾಲ ತನ್ನ ಪಾಡಿಗೆ ಕಳೆಯಿತು, ನಮ್ಮವರ ಬೊಗಸೆಗೆ ಒಂದು ಹನಿ ಬರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರ ಹಿಂದೆ ಸಾವಿರಾರು ಜನ ನಡೆದು ಹೋಗಿ ನೀರು ಮುಟ್ಟಿದರು. ಅಂದು ಏಟೂ ತಿಂದರು. ಆಮೇಲೆ ಕೋರ್ಟಿನಲ್ಲಿ ಹತ್ತು ವರ್ಷ ಬಡಿದಾಡಿ, 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಗೆದ್ದರು.

ಜೈಭೀಮ್.